ಲೋಕಲ್‌ಹೋಸ್ಟ್ ಎಂಬ ಒಳ್ಳೆಯ ಗಿರಾಕಿ

ಸ್ಥಿರ ಫೈಲುಗಳನ್ನಷ್ಟೇ ಕೊಡುವ ಪುಟ್ಟ ವೆಬ್ ಸರ್ವರನ್ನು ಸಿ ಭಾಷೆಯಲ್ಲಿ ಬರೆಯಲು ಒಂದು ಸಂಜೆ ಸಾಕು. ಸಾಕೆಟ್ (ಜಾಲದ ಮಾತುಕತೆಯ ಕಿಂಡಿ) ತೆರೆ, ಬೈಂಡ್ ಮಾಡು, ಲಿಸನ್ ಮಾಡು. ಬಂದ ಕನೆಕ್ಷನ್ನಿನಿಂದ ರಿಕ್ವೆಸ್ಟ್ ಓದು, ಫೈಲು ತೆರೆ, ಹೆಡರು ಕಳಿಸು, ಫೈಲು ಕಳಿಸು, ಮುಚ್ಚು. ಇನ್ನೂರು ಸಾಲಿನ ಕೋಡು. ಬ್ರೌಸರಿನಲ್ಲಿ 127.0.0.1:8080 ಎಂದು, ಅಂದರೆ ಲೋಕಲ್‌ಹೋಸ್ಟ್ ಎಂಬ ನಮ್ಮದೇ ಯಂತ್ರದ ವಿಳಾಸ ಹೊಡೆದರೆ ಪುಟ ರಪ್ಪನೆ ಎದುರಿಗಿರುತ್ತದೆ. ಕಾಡುವ ವಿಷಯ ಶುರುವಾಗುವುದು ಇದಾದ ಮೇಲೆ. ಇಂಥ ಸರ್ವರನ್ನು ಸುಧಾರಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ವೇಗಕ್ಕೆ: ಥ್ರೆಡ್ ಪೂಲು (ಒಟ್ಟಿಗೆ ದುಡಿಯುವ ಎಳೆಗಳ ಗುಂಪು), ಇಪೋಲ್ (ಯಾವ ಸಾಕೆಟ್ಟಿನಲ್ಲಿ ಕೆಲಸ ಕಾದಿದೆ ಎಂದು ತಿಳಿಸುವ ಲಿನಕ್ಸ್ ಸೌಲಭ್ಯ), ಮೆಮೊರಿಯಲ್ಲಿ ಫೈಲುಗಳದ್ದೊಂದು ಕ್ಯಾಶ್. ಆಮೇಲೆ ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಎಂಬ ಲೆಕ್ಕ. ಲೆಕ್ಕದ ಅಂಕಿ ಏರುತ್ತದೆ, ಸಿಗ್ನಲ್ ಸರಿಯಿಲ್ಲದ ಕಡೆ ಫೋನ್ ಹಿಡಿದು ಕೂತವರಿಗೆ ಮಾತ್ರ ಚಿತ್ರ ಅರ್ಧಕ್ಕೇ ನಿಂತಿರುತ್ತದೆ.

ಲೋಕಲ್‌ಹೋಸ್ಟ್ ಅಷ್ಟು ಒಳ್ಳೆಯ ಗಿರಾಕಿ ಎಂಬುದೇ ಇಲ್ಲಿನ ತೊಡಕು. ಬಡಿಸಿದ್ದನ್ನು ತಕ್ಷಣ ಮುಗಿಸುತ್ತಾನೆ, ಅರ್ಧಕ್ಕೆ ಎದ್ದು ಹೋಗುವುದಿಲ್ಲ, ಕೇಳಿದರೆ ಪೂರ್ತಿ ತಟ್ಟೆಯನ್ನೇ ಕೇಳುತ್ತಾನೆ, ಹೆಸರನ್ನು ಸರಳ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಹೊರಗಿನಿಂದ ಬರುವವರು ಹಾಗಲ್ಲ. ಹಗುರ ಸರ್ವರಿನ ಸುಧಾರಣೆ ಎಂದರೆ ನನ್ನ ಪ್ರಕಾರ ಈ ಉಳಿದ ಗಿರಾಕಿಗಳನ್ನು ಸಂಭಾಳಿಸುವುದು. ವೇಗ ಆಮೇಲಿನ ಮಾತು, ಅದರ ಬಹುಪಾಲನ್ನು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲೇ ನೋಡಿಕೊಳ್ಳುತ್ತದೆ.

ಒಂದು ರಿಕ್ವೆಸ್ಟಿಗೆ ಎಷ್ಟು ಕೆಲಸ

ಕೋಡು ಓದುವ ಮೊದಲು, ಪ್ರೋಗ್ರಾಮು ಕರ್ನಲ್ಲಿಗೆ ಮಾಡುವ ಕರೆಗಳನ್ನು ಸಾಲುಸಾಲಾಗಿ ತೋರಿಸುವ ಎಸ್‌ಟ್ರೇಸ್ ಹಚ್ಚಿ ಒಂದೇ ಒಂದು ರಿಕ್ವೆಸ್ಟ್ ಕಳಿಸಿ ನೋಡಬೇಕು. ಆರೋಗ್ಯವಂತ ಸರ್ವರಿನಲ್ಲಿ ಕಾಣುವುದು ಏಳೆಂಟು ಸಾಲು: ಅಕ್ಸೆಪ್ಟ್, ರಿಸೀವ್, ಓಪನ್, ಎಫ್‌ಸ್ಟ್ಯಾಟ್, ಹೆಡರಿಗೊಂದು ಸೆಂಡ್, ದೇಹಕ್ಕೊಂದು ಸೆಂಡ್‌ಫೈಲ್ (ಫೈಲನ್ನು ಕರ್ನಲ್ಲೇ ನೇರವಾಗಿ ಸಾಕೆಟ್ಟಿಗೆ ಸಾಗಿಸುವ ಕರೆ), ಕ್ಲೋಸ್. ಕಾಯಿಲೆ ಇದ್ದರೆ ಅದೂ ಇಲ್ಲೇ ಕಾಣುತ್ತದೆ. ರಿಕ್ವೆಸ್ಟನ್ನು ಒಂದೊಂದೇ ಬೈಟಾಗಿ ಓದಿದರೆ ಹೆಡರು ಐನೂರು ಬೈಟಿದ್ದಲ್ಲಿ ರೀಡ್ ಸಾಲುಗಳೂ ಐನೂರು. ಪ್ರತಿ ಸಲವೂ ಮೈಮ್ ಟೈಪುಗಳ (ಯಾವ ಫೈಲು ಯಾವ ಬಗೆಯದು ಎಂಬ) ಪಟ್ಟಿಯ ಫೈಲನ್ನು ತೆರೆದು ಮೊದಲಿನಿಂದ ಓದುವ ಸರ್ವರುಗಳೂ ಇವೆ. ಫೈಲು ಇದೆಯೇ ಎಂದು ಆಕ್ಸೆಸ್, ಎಷ್ಟು ದೊಡ್ಡದು ಎಂದು ಸ್ಟ್ಯಾಟ್, ಕೊನೆಗೆ ಓಪನ್ ಎಂದು ಒಂದೇ ದಾರಿಯನ್ನು ಮೂರು ಸಲ ನಡೆಯುವುದಂತೂ ತೀರಾ ಸಾಮಾನ್ಯ. ಖರ್ಚಿಗಿಂತ ದೊಡ್ಡ ತೊಂದರೆ ನಡುವಿನ ಸಂದಿನದು. ಸ್ಟ್ಯಾಟಿಗೂ ಓಪನ್ನಿಗೂ ನಡುವೆ ಯಾರಾದರೂ ಹೊಸ ಫೈಲು ತಂದಿಟ್ಟರೆ ಕಂಟೆಂಟ್-ಲೆಂಗ್ತ್ (ಅಳತೆ ಹೇಳುವ ಹೆಡರು) ಹಳೆಯದರದ್ದು, ಬೈಟುಗಳು ಹೊಸದರದ್ದು. ಮೊದಲು ತೆರೆಯಬೇಕು, ಕೈಗೆ ಬಂದ ಡಿಸ್ಕ್ರಿಪ್ಟರಿನ (ತೆರೆದ ಫೈಲಿಗೆ ಕರ್ನಲ್ ಕೊಡುವ ಸಂಖ್ಯೆಯ) ಮೇಲೇ ಎಫ್‌ಸ್ಟ್ಯಾಟ್ ಮಾಡಬೇಕು. ಆಗ ಅಳತೆ, ಸಮಯ, ಬೈಟು ಎಲ್ಲವೂ ಒಂದೇ ಫೈಲಿನವು.

ತೆರೆಯುವಾಗ ಕಾದು ನಿಲ್ಲಬೇಡ ಎನ್ನುವ ನಾನ್‌ಬ್ಲಾಕಿಂಗ್ ಫ್ಲ್ಯಾಗ್ ಸೇರಿಸುವುದನ್ನು ಮರೆಯುವಂತಿಲ್ಲ. ಸಾದಾ ಫೈಲಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಯಾರೋ ಆ ಫೋಲ್ಡರಿನಲ್ಲಿ ನೇಮ್ಡ್ ಪೈಪ್ (ಒಬ್ಬ ಬರೆದದ್ದನ್ನು ಇನ್ನೊಬ್ಬನಿಗೆ ಹಾಯಿಸುವ, ಫೈಲಿನಂತೆ ಕಾಣುವ ಕೊಳವೆ) ಒಂದನ್ನು ಬಿಟ್ಟಿದ್ದರೆ, ಅದನ್ನು ಓದಲು ತೆರೆದವನು ಬರೆಯುವವನು ಬರುವವರೆಗೆ ಓಪನ್‌ನಲ್ಲೇ ಕಾಯುತ್ತಾನೆ. ಒಂದೇ ಥ್ರೆಡ್ಡಿನ ಸರ್ವರಾದರೆ ಇಡೀ ಅಂಗಡಿ ಬಾಗಿಲು ಹಾಕಿದಂತೆ. ತೆರೆದ ಮೇಲೆ ಅದು ಸಾದಾ ಫೈಲೇ ಎಂದು ನೋಡಿ, ಅಲ್ಲದಿದ್ದರೆ 404, ಅಂದರೆ ಸಿಗಲಿಲ್ಲ.

ನಿಧಾನವಾಗಿ ತಿನ್ನುವವನು

ಅರ್ಧಕ್ಕೆ ನಿಂತ ಚಿತ್ರದ ಕಥೆ ಇಲ್ಲಿಯದು. ರೈಟ್ ಅಥವಾ ಸೆಂಡ್‌ಫೈಲ್ ಹಿಂದಿರುಗಿಸುವ ಸಂಖ್ಯೆಯನ್ನು ನೋಡದೆ ಮುಂದಿನ ಸಾಲಿಗೆ ಹೋಗುವ ಕೋಡು ಪರೀಕ್ಷೆಯಲ್ಲಿ ಸಿಕ್ಕಿಬೀಳುವುದೇ ಇಲ್ಲ. ನಾನ್‌ಬ್ಲಾಕಿಂಗ್ ಸಾಕೆಟ್ ಆದರೆ ಕರ್ನಲ್ ತನ್ನ ಬಫರಿನಲ್ಲಿ ಹಿಡಿಸಿದಷ್ಟನ್ನೇ ತೆಗೆದುಕೊಂಡು "ಇಷ್ಟು ಹೋಯಿತು" ಎನ್ನುತ್ತದೆ, ಉಳಿದದ್ದು ನಮ್ಮ ಹೊಣೆ. ಲಿನಕ್ಸಿನಲ್ಲಿ ಟಿಸಿಪಿ ಕಳುಹಿಸುವ ಬಫರು ಸಾಮಾನ್ಯವಾಗಿ 16 ಕೆಬಿಯಿಂದ ಶುರುವಾಗಿ ಅಗತ್ಯ ಬಿದ್ದಂತೆ 4 ಎಂಬಿವರೆಗೆ ಬೆಳೆಯುತ್ತದೆ, ಪಡೆಯುವ ಬಫರು 6 ಎಂಬಿವರೆಗೆ. ಲೋಕಲ್‌ಹೋಸ್ಟಿನಲ್ಲಿ ಎರಡು ಎಂಬಿಯ ಫೋಟೋ ಇಷ್ಟರಲ್ಲೇ ಅಡಗಿ ಹೋಗುವುದರಿಂದ ತಪ್ಪು ಕಾಣುವುದಿಲ್ಲ. ಅದೇ ಫೋಟೋ ನಿಧಾನದ ಜಾಲದಲ್ಲಿ ಮೊದಲ ಕೆಲವು ನೂರು ಕೆಬಿಗೇ ತುಂಡಾಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ.

ಪರೀಕ್ಷಿಸುವ ದಾರಿ ಸುಲಭ. ಫೈಲು ಇಳಿಸುವ ಸಾಧನವಾದ ಕರ್ಲ್‌ನ ವೇಗಮಿತಿಯ ಆಯ್ಕೆಯಲ್ಲಿ ಸೆಕೆಂಡಿಗೆ ಒಂದು ಎಂಬಿ ಎಂದು ಕೊಟ್ಟು 50 ಎಂಬಿಯ ಫೈಲನ್ನು ಇಳಿಸಿಕೊಂಡು ಎರಡೂ ಕಡೆಯ ಚೆಕ್‌ಸಮ್ ಹೋಲಿಸಬೇಕು. 50 ಎಂಬಿ ಏಕೆಂದರೆ ಎರಡು ಬಫರುಗಳು ಸೇರಿ ಹತ್ತು ಎಂಬಿಯವರೆಗೆ ನುಂಗಿಬಿಡಬಹುದು, ಚಿಕ್ಕ ಫೈಲಿನಲ್ಲಿ ಪರೀಕ್ಷೆ ಸುಳ್ಳು ಹೇಳುತ್ತದೆ. ಇನ್ನೊಂದು ಪರೀಕ್ಷೆ ಮೂರು ಜಿಬಿಯ ಫೈಲು. ಲಿನಕ್ಸಿನ ಸೆಂಡ್‌ಫೈಲ್ ಒಂದು ಕರೆಗೆ ಹೆಚ್ಚೆಂದರೆ 2,147,479,552 ಬೈಟು ಕಳಿಸುತ್ತದೆ. ಹಾಗಾಗಿ ಬ್ಲಾಕಿಂಗ್ ಸಾಕೆಟ್ಟಿನವರೂ ಲೂಪಿನಿಂದ ತಪ್ಪಿಸಿಕೊಳ್ಳುವಂತಿಲ್ಲ. 32 ಬಿಟ್ಟಿನ ಹಳೆಯ ಬೋರ್ಡುಗಳಲ್ಲಿ ಕಂಪೈಲ್ ಮಾಡುವಾಗ ಫೈಲ್ ಆಫ್‌ಸೆಟ್ 64 ಬಿಟ್ ಎಂದು ಹೇಳದಿದ್ದರೆ ಎರಡು ಜಿಬಿ ದಾಟಿದ ಫೈಲು ತೆರೆಯುವುದೇ ಇಲ್ಲ.

ನಿಧಾನದವನ ತಮ್ಮ ಅರ್ಧಕ್ಕೆ ಎದ್ದು ಹೋಗುವವನು. ಬ್ರೌಸರಿನ ಟ್ಯಾಬ್ ಮುಚ್ಚಿದ ಮೇಲೂ ಆ ಸಾಕೆಟ್ಟಿಗೆ ಬರೆದರೆ ಕರ್ನಲ್ ಸಿಗ್‌ಪೈಪ್ ಎಂಬ ಸಿಗ್ನಲ್ ಕಳಿಸುತ್ತದೆ, ಅದನ್ನು ಸಂಭಾಳಿಸದ ಪ್ರೋಸೆಸ್ ಸದ್ದಿಲ್ಲದೆ ಸಾಯುತ್ತದೆ. ಲಾಗಿನಲ್ಲಿ ಒಂದಕ್ಷರ ಇರುವುದಿಲ್ಲ. "ದಿನಕ್ಕೊಮ್ಮೆ ತಾನೇ ನಿಂತುಹೋಗುತ್ತದೆ" ಎಂದು ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಮರುಚಾಲನೆ ಹಾಕಿಕೊಂಡ ಸರ್ವರುಗಳನ್ನು ಕಂಡರೆ ಮೊದಲ ಗುಮಾನಿ ಇದರ ಮೇಲೇ ಇರಲಿ. ಸೆಂಡ್‌ಗೆ ಸಿಗ್ನಲ್ ಬೇಡ ಎನ್ನುವ ಫ್ಲ್ಯಾಗ್ ಇದೆ, ಸೆಂಡ್‌ಫೈಲ್‌ಗೆ ಇಲ್ಲ. ಆದ್ದರಿಂದ ಮೇನ್‌ನ ಮೊದಲಲ್ಲೇ ಸಿಗ್‌ಪೈಪನ್ನು ಕಡೆಗಣಿಸುವ ಒಂದು ಸಾಲು ಬರೆದುಬಿಡುವುದು ಕ್ಷೇಮ.

ವೇಗ ಹೆಚ್ಚಿಸಲು ಹೋಗಿ ಕಳೆದುಕೊಂಡ 40 ಮಿಲಿಸೆಕೆಂಡು

ಒಂದು ವಿಚಿತ್ರ. ಪ್ರತಿ ಫೈಲಿಗೂ ಹೊಸ ಕನೆಕ್ಷನ್ ಯಾಕೆ, ಕೀಪ್-ಅಲೈವ್ ಹಾಕೋಣ ಎಂದು ಹಾಕಿದ ಮೇಲೆ ಸಣ್ಣ ಫೈಲುಗಳು ನಿಧಾನವಾಗುವುದುಂಟು. ಅದೂ ಒಂದು ಹದ ಹಿಡಿದಂತೆ, ಪ್ರತಿಯೊಂದಕ್ಕೂ ಸುಮಾರು 40 ಮಿಲಿಸೆಕೆಂಡು. ಹೆಡರನ್ನು ಒಂದು ಸೆಂಡ್‌ನಲ್ಲಿ, ಪುಟ್ಟ ದೇಹವನ್ನು ಇನ್ನೊಂದರಲ್ಲಿ ಕಳಿಸಿದಾಗ ಹೀಗಾಗುತ್ತದೆ. ಹೆಡರು ಕೂಡಲೇ ಹೊರಟಿತು. ಎರಡನೆಯದು ಒಂದು ಪೂರ್ತಿ ಸೆಗ್ಮೆಂಟಿಗಿಂತ (ಒಂದು ಪ್ಯಾಕೆಟ್ಟು ಹೊರುವಷ್ಟು ಡೇಟಾ) ಚಿಕ್ಕದು, ಮೊದಲನೆಯದಕ್ಕೆ ಇನ್ನೂ ಒಪ್ಪಿಗೆ ಬಂದಿಲ್ಲ. ಜಾನ್ ನೇಗಲ್ 1984ರಲ್ಲಿ ಸೂಚಿಸಿದ ನಿಯಮದಂತೆ ಕರ್ನಲ್ ಅದನ್ನು ತಡೆಹಿಡಿಯುತ್ತದೆ. ಆ ಕಡೆಯವನು ಒಪ್ಪಿಗೆಯನ್ನು ಬರಿಗೈಯಲ್ಲಿ ಕಳಿಸಲು ಹಿಂಜರಿದು 40 ಮಿಲಿಸೆಕೆಂಡು ಕಾಯುತ್ತಾನೆ. ನೀ ಮೊದಲು ನೀ ಮೊದಲು ಎಂದು ಇಬ್ಬರೂ ಬಾಗಿಲಲ್ಲೇ ನಿಂತ ಹಾಗೆ. ಮುಂಚೆ ಕನೆಕ್ಷನ್ ಮುಚ್ಚುತ್ತಿದ್ದಾಗ ಕೊನೆಯ ತುಂಡು ಮುಕ್ತಾಯದ ಗುರುತಿನೊಂದಿಗೇ ಹೊರಡುತ್ತಿತ್ತು, ತಡೆಯುವವರಿರಲಿಲ್ಲ. ಲಿನಕ್ಸ್ ಹೊಸ ಕನೆಕ್ಷನ್ನಿನ ಆರಂಭದಲ್ಲಿ ಒಪ್ಪಿಗೆಗಳನ್ನು ಚುರುಕಾಗಿ ಕಳಿಸುವುದರಿಂದ ಮೊದಲೆರಡು ಫೈಲುಗಳಲ್ಲಿ ಈ ತಡ ಕಾಣದೆಯೂ ಹೋಗಬಹುದು, ಹುಡುಕುವವರ ದಾರಿ ತಪ್ಪುವುದು ಅಲ್ಲೇ. ಮದ್ದು ಸಣ್ಣದು: ಹೆಡರು ಕಳಿಸುವಾಗ "ಇನ್ನೂ ಇದೆ" ಎನ್ನುವ ಎಂಎಸ್‌ಜಿ-ಮೋರ್ ಫ್ಲ್ಯಾಗ್, ಅದರ ಹಿಂದೆಯೇ ಸೆಂಡ್‌ಫೈಲ್. ಎರಡೂ ಒಂದೇ ಪ್ಯಾಕೆಟ್ಟಿನಲ್ಲಿ ಹೊರಡುತ್ತವೆ.

ಕಣಜದ ಪಕ್ಕ ಇನ್ನೊಂದು ಕಣಜ

ಫೈಲುಗಳನ್ನು ಸರ್ವರಿನ ಮೆಮೊರಿಯಲ್ಲೇ ಇಟ್ಟುಕೊಳ್ಳುವ ಕ್ಯಾಶ್ ಬಗ್ಗೆ ನನ್ನ ತಕರಾರಿದೆ. ಒಮ್ಮೆ ಓದಿದ ಫೈಲು ಕರ್ನಲ್ಲಿನ ಪೇಜ್ ಕ್ಯಾಶಿನಲ್ಲಿ ಈಗಾಗಲೇ ಇರುತ್ತದೆ. ಅದನ್ನೇ ಮತ್ತೆ ಮ್ಯಾಲಕ್ ಮಾಡಿ (ಮೆಮೊರಿ ಕೇಳಿ ಪಡೆದು) ತುಂಬಿಟ್ಟರೆ ಒಂದೇ ಭತ್ತಕ್ಕೆ ಎರಡು ಕಣಜ ಕಟ್ಟಿದಂತೆ. 512 ಎಂಬಿಯ ಬಾಡಿಗೆ ಯಂತ್ರದಲ್ಲಿ ನಿಮ್ಮ ಕಣಜ ದೊಡ್ಡದಾದಷ್ಟೂ ಕರ್ನಲ್ಲಿನದು ಕುಗ್ಗುತ್ತದೆ, ಜೊತೆಗೆ ಫೈಲು ಬದಲಾದದ್ದನ್ನು ಪತ್ತೆಹಚ್ಚುವ ಹೊಸ ತಲೆನೋವು. ನಿಜವಾದ ಲಾಭ ಕಳಿಸದೇ ಇರುವುದರಲ್ಲಿದೆ. ಬ್ರೌಸರ್ "ನನ್ನ ಬಳಿ ಹಳೆಯ ಪ್ರತಿ ಇದೆ" ಎನ್ನುವ ಇಫ್-ಮಾಡಿಫೈಡ್-ಸಿನ್ಸ್ ಅಥವಾ ಇಫ್-ನನ್-ಮ್ಯಾಚ್ ಹೆಡರು ಹಿಡಿದು ಬಂದರೆ, ಬದಲಾಗದ ಫೈಲಿಗೆ ದೇಹವಿಲ್ಲದ 304 (ಬದಲಾಗಿಲ್ಲ) ಸಾಕು. ಫೈಲಿನ ಆವೃತ್ತಿಯ ಗುರುತಾದ ಇಟ್ಯಾಗನ್ನು ಅಳತೆ ಮತ್ತು ಬದಲಾದ ಸಮಯ ಎರಡರಿಂದ ಕಟ್ಟಿ. ಡಿಸ್ಕು ಫೈಲಿಗೆ ಕೊಡುವ ಐನೋಡ್ ಸಂಖ್ಯೆ ಸೇರಿಸಬೇಡಿ, ಎರಡು ಯಂತ್ರಗಳಲ್ಲಿ ಅದೇ ಫೈಲು ಇದ್ದರೆ ಇಟ್ಯಾಗ್ ಬೇರೆಬೇರೆಯಾಗುತ್ತದೆ.

ಇಷ್ಟು ಮಾಡಿದರೂ 304 ಬರುತ್ತಿಲ್ಲ ಎಂದಾದರೆ ತಪ್ಪು ಸರ್ವರಿನದ್ದಲ್ಲ, ಅಪ್‌ಲೋಡಿನದ್ದು. ಫೈಲು ನಕಲಿಸುವ ಆರ್‌ಸಿಂಕನ್ನು, ಫೈಲು ಬದಲಾದ ಸಮಯವನ್ನು ಹಾಗೇ ಉಳಿಸುವ ಆಯ್ಕೆ ಇಲ್ಲದೆ ಓಡಿಸಿದರೆ ಅದು ಕಳಿಸಿದ ಫೈಲುಗಳಿಗೆಲ್ಲ ಈ ಹೊತ್ತಿನ ಮುದ್ರೆ ಬೀಳುತ್ತದೆ. ಹೊಸದಾಗಿ ಗಿಟ್ ಕ್ಲೋನ್ ಮಾಡಿ ಕಟ್ಟಿದ ಸೈಟಿನ ಗತಿಯೂ ಅದೇ. ಒಂದಕ್ಷರ ಬದಲಾಗದ ಲೋಗೋ ಕೂಡ ಪ್ರತಿ ಅಪ್‌ಲೋಡಿನ ನಂತರ ಹೊಸದೆಂದೇ ಮತ್ತೆ ಇಳಿಯುತ್ತದೆ.

ಡೇಟ್ ಹೆಡರಿನ ಬಗ್ಗೆ ಕನ್ನಡಿಗರಿಗೆ ಮಾತ್ರ ಸಿಗಬಹುದಾದ ಒಂದು ತಮಾಷೆ ಇದೆ. ಎಚ್‌ಟಿಟಿಪಿ ಸಮಯಕ್ಕೆ ಇಂಗ್ಲಿಷ್ ವಾರ, ಇಂಗ್ಲಿಷ್ ತಿಂಗಳು, ಜಿಎಂಟಿ ಇಷ್ಟೇ ಮಾನ್ಯ. ಪ್ರೋಗ್ರಾಮಿನ ಮೊದಲಲ್ಲಿ ಸೆಟ್‌ಲೊಕೇಲ್ ಕರೆದಿದ್ದು ಯಂತ್ರದ ಲೊಕೇಲ್ ಕನ್ನಡವಾಗಿದ್ದರೆ, ಸಮಯವನ್ನು ಪಠ್ಯವಾಗಿಸುವ ಎಸ್‌ಟಿಆರ್‌ಎಫ್‌ಟೈಮ್ ವಾರದ ಹೆಸರನ್ನು ಕನ್ನಡದಲ್ಲೇ ಬರೆದು ಕಳಿಸುತ್ತದೆ. ಭಾಷಾಭಿಮಾನ ಸರಿ, ಬ್ರೌಸರಿಗೆ ಅರ್ಥವಾಗುವುದಿಲ್ಲ. ವಾರ-ತಿಂಗಳುಗಳ ಪಟ್ಟಿಯನ್ನು ಕೋಡಿನಲ್ಲೇ ಇಟ್ಟುಕೊಳ್ಳಿ.

ಒತ್ತಿ ಚಿಕ್ಕದು ಮಾಡುವ ಕೆಲಸವನ್ನೂ ರಿಕ್ವೆಸ್ಟ್ ಬಂದಾಗ ಮಾಡಬೇಕಿಲ್ಲ. ಸೈಟು ಕಟ್ಟುವಾಗಲೇ ಪ್ರತಿ ಎಚ್‌ಟಿಎಂಎಲ್, ಸಿಎಸ್‌ಎಸ್, ಎಸ್‌ವಿಜಿ ಪಕ್ಕದಲ್ಲಿ ಜಿಝಿಪ್ ಮಟ್ಟ 9ರಲ್ಲಿ ಒತ್ತಿದ ಪ್ರತಿ ಇಡಿ. ಬ್ರೌಸರ್ ಒಪ್ಪಿದರೆ ಸರ್ವರು ಅದನ್ನೇ ತೆರೆಯಲಿ. ಕನ್ನಡ ಪಠ್ಯಕ್ಕೆ ಇದು ವಿಶೇಷವಾಗಿ ಲಾಭ. ಯುಟಿಎಫ್-8ರಲ್ಲಿ ನಮ್ಮ ಪ್ರತಿ ಕೋಡ್ ಪಾಯಿಂಟಿಗೂ (ಯೂನಿಕೋಡ್ ಅಕ್ಷರಕ್ಕೋ ಚಿಹ್ನೆಗೋ ಕೊಡುವ ಸಂಖ್ಯೆಗೂ) ಮೂರು ಬೈಟು, ಅದರಲ್ಲಿ ಮೊದಲನೆಯದು ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲೊಂದು. ಹೀಗೆ ಮರುಕಳಿಸುವುದನ್ನು ಜಿಝಿಪ್ ಚೆನ್ನಾಗಿ ಹಿಂಡುತ್ತದೆ. ಜೆಪೆಗ್, ಎಂಪಿ4, ವಾಫ್2 ಫಾಂಟುಗಳನ್ನು ಮುಟ್ಟಬೇಡಿ, ಅವು ಈಗಾಗಲೇ ಹಿಂಡಿದವು. ಎಡವುವ ಜಾಗ ಮೂರು. ಕಂಟೆಂಟ್-ಟೈಪ್ ಮೂಲ ಫೈಲಿನದ್ದೇ ಇರಬೇಕು, ಜಿಝಿಪ್ ಎಂದು ಕೊಟ್ಟರೆ ಪುಟ ತೆರೆಯುವ ಬದಲು ಡೌನ್‌ಲೋಡ್ ಆಗುತ್ತದೆ. ಕಂಟೆಂಟ್-ಲೆಂಗ್ತ್ ಒತ್ತಿದ ಪ್ರತಿಯದ್ದು. ಒತ್ತಿದ್ದನ್ನು ಕೊಟ್ಟಾಗಲೂ ಕೊಡದಿದ್ದಾಗಲೂ ವೇರಿ ಹೆಡರಿನಲ್ಲಿ ಆಕ್ಸೆಪ್ಟ್-ಎನ್‌ಕೋಡಿಂಗ್ ಎಂದು ಬರೆಯಬೇಕು, ಇಲ್ಲವಾದರೆ ನಡುವಿನ ಯಾವುದೋ ಪ್ರಾಕ್ಸಿ ಒತ್ತಿದ ಪ್ರತಿಯನ್ನು ಅದು ಬೇಡದವನಿಗೂ ಬಡಿಸುತ್ತದೆ.

"ಕೋಟೆ" ಎಲ್ಲಿ ಹೋಯಿತು

ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆ ಕೊಟ್ಟರೆ ಫೋಲ್ಡರಿನಲ್ಲಿ "ಕೋಟೆ" ಎಂಬ ಫೈಲು ಕಣ್ಣೆದುರೇ ಇದೆ. ಬ್ರೌಸರಿನಲ್ಲಿ ಕೋಟೆ ಎಂದು ಟೈಪ್ ಮಾಡಿದರೆ 404. ಎಲ್‌ಎಸ್ ತೋರಿಸಿದ ಹೆಸರನ್ನೇ ಕಾಪಿ ಮಾಡಿ ಅಂಟಿಸಿದರೆ ಪುಟ ತೆರೆಯುತ್ತದೆ! ಸರ್ವರಿಗೆ ಭೂತ ಹೊಕ್ಕಿಲ್ಲ. ಎಲ್‌ಎಸ್‌ನ ಔಟ್‌ಪುಟ್ಟನ್ನು ಬೈಟುಗಳನ್ನು ಬಿಡಿಬಿಡಿಯಾಗಿ ತೋರಿಸುವ ಎಕ್ಸ್‌ಎಕ್ಸ್‌ಡಿಗೆ ಹಾಯಿಸಿ ನೋಡಿದರೆ ಗುಟ್ಟು ತಿಳಿಯುತ್ತದೆ. ಟೈಪ್ ಮಾಡಿದ "ಕೋಟೆ"ಯಲ್ಲಿ ಕ, ಓತ್ವ, ಟ, ಎತ್ವ ಎಂದು ನಾಲ್ಕು ಕೋಡ್ ಪಾಯಿಂಟು, 12 ಬೈಟು. ಡಿಸ್ಕಿನ ಮೇಲಿರುವ ಹೆಸರಿನಲ್ಲಿ ಆ ಒಂದು ಓತ್ವ ಎತ್ವ, ಊತ್ವ, ದೀರ್ಘದ ಗುರುತು ಎಂದು ಮೂರಾಗಿ ಒಡೆದಿದೆ. ಒಟ್ಟು ಆರು ಕೋಡ್ ಪಾಯಿಂಟು, 18 ಬೈಟು. ತೆರೆಯ ಮೇಲೆ ಎರಡೂ ಒಂದೇ ರೂಪ. ಯೂನಿಕೋಡ್ ಪ್ರಕಾರವೂ ಎರಡೂ ಸಮಾನ. ಆದರೆ ಲಿನಕ್ಸಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ಮಿಗೆ ಫೈಲಿನ ಹೆಸರು ಎಂದರೆ ಬರೀ ಬೈಟುಗಳ ಸಾಲು. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಹೆಸರುಗಳನ್ನು ಒಡೆದೇ ಇಡುತ್ತಿತ್ತು, ಅಲ್ಲಿಂದ ಎತ್ತಿ ತಂದ ಫೋಲ್ಡರುಗಳು ಇಂದಿಗೂ ಹೀಗೆ ಕಾಡುತ್ತವೆ. ಈ, ಏ, ಐ, ಒ, ಓ ಸ್ವರಗಳ ಚಿಹ್ನೆಗಳಿರುವ ಯಾವ ಹೆಸರಿಗೂ ಇದು ಆಗಬಹುದು. ಒತ್ತಕ್ಷರ ಬಿಡಿಸಿ ಬರೆಯಲು ನಡುವೆ ಹಾಕುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆಯದೂ ಇದೇ ಕಥೆ, ಒಂದು ಕೀಬೋರ್ಡ್ ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ.

ಇದನ್ನು ಸರ್ವರಿನೊಳಗೆ ಸರಿಪಡಿಸಬೇಕೇ? ಬೇಡ ಎಂಬುದೇ ನನ್ನ ಮತ. ಯೂನಿಕೋಡಿನ ಕೋಷ್ಟಕಗಳನ್ನು ಹೊತ್ತುಕೊಂಡ ಮೇಲೆ ಹಗುರ ಎನ್ನುವ ಮಾತೇ ಉಳಿಯದು. ಅಪ್‌ಲೋಡಿಗೆ ಮುಂಚೆ ಕಾನ್ವ್‌ಎಂವಿ ಎಂಬ ಸಾಧನದಿಂದ ಎಲ್ಲ ಹೆಸರುಗಳನ್ನು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದರೆ ಒಡೆದ ಸ್ವರಗಳ ಕಾಟ ಮುಗಿಯಿತು. ಝಡ್‌ಡಬ್ಲ್ಯೂಎನ್‌ಜೆ ಮಾತ್ರ ಅದರಿಂದ ಹೋಗುವುದಿಲ್ಲ.

ಸರ್ವರು ಮಾಡಲೇಬೇಕಾದದ್ದು ಬೇರೆ ಇದೆ. ಯುಆರ್‌ಎಲ್‌ನಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುವುದರಿಂದ ಒಂದು ಕನ್ನಡ ಕೋಡ್ ಪಾಯಿಂಟು ಒಂಬತ್ತು ಅಕ್ಷರ ನುಂಗುತ್ತದೆ. "ಕೋಟೆ" 36 ಆಯಿತು. ದಾರಿಗೆಂದು 256 ಬೈಟು ಮೀಸಲಿಟ್ಟ ಸರ್ವರಿನಲ್ಲಿ ಮೂವತ್ತು ಕೋಡ್ ಪಾಯಿಂಟಿನ ಶೀರ್ಷಿಕೆಯೂ ಹಿಡಿಸದು. ಫೈಲ್‌ಸಿಸ್ಟಮ್ ಒಂದು ಹೆಸರಿಗೆ 255 ಬೈಟು, ಅಂದರೆ 85 ಕನ್ನಡ ಕೋಡ್ ಪಾಯಿಂಟು ಬಿಡುತ್ತದೆ. ಬಫರು 8 ಕೆಬಿ ಇರಲಿ, ಮೀರಿದರೆ 414 (ವಿಳಾಸ ಅತಿ ಉದ್ದ). ಮತ್ತೊಂದು ಸೂಕ್ಷ್ಮ: ಕನ್ನಡದ ಬೈಟುಗಳೆಲ್ಲ 127ಕ್ಕಿಂತ ದೊಡ್ಡವು. ಎಕ್ಸ್86 ಲಿನಕ್ಸಿನಲ್ಲಿ ಸಿ ಭಾಷೆಯ ಚಾರ್ ಚಿಹ್ನೆಸಹಿತ, ಹಾಗಾಗಿ ಅವು ಋಣ ಸಂಖ್ಯೆಗಳಾಗುತ್ತವೆ. ಅದನ್ನೇ ಕೋಷ್ಟಕದ ಸೂಚಿಯಾಗಿ ಬಳಸಿದ ಕೋಡು ಕೋಷ್ಟಕದ ಆಚೆ ಇಣುಕುತ್ತದೆ. ಆರ್ಮ್ ಲಿನಕ್ಸಿನಲ್ಲಿ ಚಾರ್ ಚಿಹ್ನೆರಹಿತ. ರಾಸ್ಪ್‌ಬೆರಿ ಪೈನಲ್ಲಿ ನಡೆದದ್ದು ಲ್ಯಾಪ್‌ಟಾಪಿನಲ್ಲಿ ಕುಸಿದರೆ ಅನ್‌ಸೈನ್ಡ್ ಎಂಬ ಪದ ಎಲ್ಲಿ ಬಿಟ್ಟುಹೋಗಿದೆ ಎಂದು ಹುಡುಕಿ.

ಶೇಕಡಾ ಸಂಕೇತವನ್ನು ಬಿಡಿಸುವುದು ಒಮ್ಮೆ ಮಾತ್ರ, ದಾರಿಯ ಪರಿಶೀಲನೆ ಬಿಡಿಸಿದ ಮೇಲೆ. ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2021ರ ಅಕ್ಟೋಬರ್ ಸಾಕ್ಷಿ. ಅಪಾಚೆ ವೆಬ್ ಸರ್ವರಿನ 2.4.49ರಲ್ಲಿ ಎರಡು ಚುಕ್ಕೆಗಳ ಪೈಕಿ ಒಂದನ್ನು ಶೇಕಡಾ ಸಂಕೇತದಲ್ಲಿ ಬರೆದರೆ, ಮೇಲಿನ ಫೋಲ್ಡರಿಗೆ ಹತ್ತುವ ../ ತಡೆಯುವ ಕಾವಲು ದಾಟಿ ಹೊರಗಿನ ಫೈಲುಗಳಿಗೆ ಹೋಗಬಹುದಿತ್ತು. ಅವಸರದಲ್ಲಿ ಬಂದ 2.4.50ರಲ್ಲಿ ಸಂಕೇತವನ್ನೇ ಮತ್ತೆ ಸಂಕೇತಿಸಿದರೆ ಆಗಲೂ ದಾರಿ ಬಿಟ್ಟಿತ್ತು, 2.4.51ಕ್ಕೆ ಮುಚ್ಚಿತು. ಅಷ್ಟು ದೊಡ್ಡ ತಂಡ ಎಡವಿದ ಜಾಗದಲ್ಲಿ ನಮ್ಮ ಸ್ವಂತ ಸ್ಟ್ರಿಂಗ್ ಜಾಣ್ಮೆ ನೆಚ್ಚುವುದಕ್ಕಿಂತ ಕರ್ನಲ್ಲಿಗೇ ಒಪ್ಪಿಸುವುದು ಮೇಲು. ಲಿನಕ್ಸ್ 5.6ರಿಂದ ಓಪನ್‌ಆಟ್2 ಕರೆಯಲ್ಲಿ ರಿಸಾಲ್ವ್-ಬಿನೀತ್ ಎಂಬ ಫ್ಲ್ಯಾಗಿದೆ. ಬೇರು ಫೋಲ್ಡರಿನ ಡಿಸ್ಕ್ರಿಪ್ಟರ್ ಕೊಟ್ಟರೆ ಚುಕ್ಕೆಗಳಿಂದಾಗಲಿ ಸಿಮ್‌ಲಿಂಕಿನಿಂದಾಗಲಿ ಅದರಾಚೆ ಹೆಜ್ಜೆ ಇಡಲು ಬಿಡುವುದಿಲ್ಲ. ಬಿಡಿಸಿದ ಮೇಲೆ ನಡುವೆ ಸೊನ್ನೆ ಬೈಟು ಸಿಕ್ಕರೆ ಸೀದಾ 400 (ತಪ್ಪು ಕೋರಿಕೆ).

ಕೊನೆಗೆ ಚಾರ್‌ಸೆಟ್. ಟೆಕ್ಸ್ಟ್ ಫೈಲುಗಳ ಕಂಟೆಂಟ್-ಟೈಪಿಗೆ ಯುಟಿಎಫ್-8 ಎಂದು ಸೇರಿಸದಿದ್ದರೆ ಮೆಟಾ ಟ್ಯಾಗಿಲ್ಲದ ಸಾದಾ ಟೆಕ್ಸ್ಟ್ ಫೈಲುಗಳಲ್ಲಿ ಕನ್ನಡದ ಬದಲು ಟೊಪ್ಪಿಗೆ ಹಾಕಿದ ಲ್ಯಾಟಿನ್ ಅಕ್ಷರಗಳ ಸಂತೆ ನೆರೆಯುತ್ತದೆ.

ತುಂಡು ಕೇಳುವವನು, ಸುಮ್ಮನೆ ಕೂರುವವನು

ಪೈಥಾನಿನ ಸಿದ್ಧ ಎಚ್‌ಟಿಟಿಪಿ ಸರ್ವರಿನಲ್ಲಿ ಒಂದು ಎಂಪಿ4 ಇಟ್ಟು ಐಫೋನಿನಲ್ಲಿ ತೆರೆದರೆ ಎಷ್ಟೋ ಸಲ ವಿಡಿಯೋ ಆಡುವುದೇ ಇಲ್ಲ, ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಮಾತ್ರ ಆಡುತ್ತದೆ. ಸಫಾರಿ ಮೊದಲು ಕೇಳುವುದು ಎರಡೇ ಎರಡು ಬೈಟು, 0-1. ಸರ್ವರಿಗೆ ತುಂಡು ಕೊಡಲು ಬರುತ್ತದೆಯೇ ಎಂಬ ಪರೀಕ್ಷೆ ಅದು. ಉತ್ತರ 206 (ಇದು ತುಂಡು) ಆಗಿರಬೇಕು, ಕಂಟೆಂಟ್-ರೇಂಜ್‌ನಲ್ಲಿ 0-1/ಒಟ್ಟು ಅಳತೆ, ಕಂಟೆಂಟ್-ಲೆಂಗ್ತ್ 2. ಎರಡೂ ತುದಿ ಸೇರಿ ಎಣಿಸಬೇಕು ಎಂಬುದನ್ನು ಮರೆತವರು 1 ಎಂದು ಬರೆದು ಗಂಟೆಗಟ್ಟಲೆ ಹುಡುಕುತ್ತಾರೆ. "-500" ಎಂದರೆ ಐನೂರರವರೆಗೆ ಅಲ್ಲ, ಕೊನೆಯ ಐನೂರು. ಅಳತೆ ಮೀರಿ ಕೇಳಿದರೆ 416 (ಅಂಥ ತುಂಡಿಲ್ಲ). ಹಲವು ತುಂಡುಗಳನ್ನು ಒಟ್ಟಿಗೆ ಕೇಳಿದರೆ ಪೂರ್ತಿ ಫೈಲನ್ನು 200 ಎಂದು ಕೊಟ್ಟುಬಿಡಲು ನಿಯಮದಲ್ಲೇ ಅವಕಾಶವಿದೆ, ಪುಟ್ಟ ಸರ್ವರಿಗೆ ಅದೇ ವಿವೇಕ. 2011ರಲ್ಲಿ ಒಂದರ ಮೇಲೊಂದು ಬೀಳುವ ನೂರಾರು ತುಂಡುಗಳನ್ನು ಕೇಳಿ ಅಪಾಚೆಯ ಮೆಮೊರಿಯನ್ನೇ ಬರಿದು ಮಾಡಿದ್ದುಂಟು. ಫೈಲು ಬದಲಾಗದಿದ್ದರೆ ಮಾತ್ರ ತುಂಡು ಕೊಡು ಎನ್ನುವ ಇಫ್-ರೇಂಜ್ ಹೆಡರನ್ನು ಮಾತ್ರ ಬಿಡಬೇಡಿ. ಅದನ್ನು ನೋಡದಿದ್ದರೆ ನಿನ್ನೆಯ ಅರ್ಧ ಡೌನ್‌ಲೋಡಿಗೆ ಇಂದಿನ ಹೊಸ ಫೈಲಿನ ಬಾಲ ಅಂಟುತ್ತದೆ.

ಇನ್ನು ಬಂದು ಕೂತು ಏನೂ ಹೇಳದವನು. ಹೆಡರನ್ನು ಹತ್ತು ಸೆಕೆಂಡಿಗೊಂದು ಸಾಲಿನಂತೆ ಕಳಿಸುತ್ತ ಜಾಗ ಹಿಡಿದಿಡುವ ಸ್ಲೋಲೋರಿಸ್ ಎಂಬ ದಾಳಿ 2009ರಿಂದ ಹೆಸರುವಾಸಿ. ಕೊನೆಯ ಬೈಟು ಬಂದಾಗಿನಿಂದ ಎಣಿಸುವ ಟೈಮೌಟು ಇವನನ್ನು ಹಿಡಿಯುವುದಿಲ್ಲ. ಇಡೀ ಹೆಡರು ಮುಗಿಯಲು ಒಟ್ಟು ಇಪ್ಪತ್ತೋ ಮೂವತ್ತೋ ಸೆಕೆಂಡು ಎಂದು ಗಡುವು ಇಡಬೇಕು. ಇವನಿಂದಲೋ ನಿಜವಾದ ಜನಸಂದಣಿಯಿಂದಲೋ ಫೈಲ್ ಡಿಸ್ಕ್ರಿಪ್ಟರುಗಳು ಮುಗಿದಾಗ, ಹಲವು ಕಡೆ ಮಿತಿ 1024, ಒಂದು ವಿಚಿತ್ರ ಕಾಣುತ್ತದೆ: ಸರ್ವರು ಯಾರಿಗೂ ಉತ್ತರಿಸುತ್ತಿಲ್ಲ, ಸಿಪಿಯು ಮಾತ್ರ ನೂರಕ್ಕೆ ನೂರು. ಹೊಸ ಕನೆಕ್ಷನ್ ಕಾದಿದೆ ಎಂದು ಇಪೋಲ್ ಎಬ್ಬಿಸುತ್ತದೆ, ಅಕ್ಸೆಪ್ಟ್ ಸೋಲುತ್ತದೆ, ಕನೆಕ್ಷನ್ ಅಲ್ಲೇ ಕಾದಿರುವುದರಿಂದ ಮರುಕ್ಷಣ ಮತ್ತೆ ಎಬ್ಬಿಸುತ್ತದೆ. ಅಕ್ಸೆಪ್ಟ್ ಹಾಗೆ ಸೋತರೆ ಲಿಸನ್ ಸಾಕೆಟ್ಟನ್ನು ಇಪೋಲ್ ಪಟ್ಟಿಯಿಂದ ತೆಗೆದು, ಯಾವುದಾದರೂ ಒಂದು ಕನೆಕ್ಷನ್ ಮುಚ್ಚಿದಾಗ ಮರಳಿ ಸೇರಿಸಿ.

ಇಪೋಲ್ ಎಂದ ಮೇಲೆ ಇದನ್ನೂ ಹೇಳಬೇಕು. ಅದು ಸಾಕೆಟ್ಟಿಗೆ ಸರಿ, ಸಾದಾ ಫೈಲನ್ನು ಸೇರಿಸಲು ಹೋದರೆ ಅನುಮತಿಯಿಲ್ಲ ಎಂಬ ದೋಷ ಬರುತ್ತದೆ. ಪೇಜ್ ಕ್ಯಾಶಿನಲ್ಲಿಲ್ಲದ ಫೈಲನ್ನು ಡಿಸ್ಕಿನಿಂದ ತರುವಷ್ಟು ಹೊತ್ತು ಸೆಂಡ್‌ಫೈಲ್ ನಿಂತೇ ಇರುತ್ತದೆ, ಅದರ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಥ್ರೆಡ್ ಪೂಲಿನ ಗೋಜಿಗೆ ಹೋಗದೆ, ಅದೇ ಒಂದು ಥ್ರೆಡ್ಡಿನ ಸರ್ವರಿನ ಮೂರು-ನಾಲ್ಕು ಪ್ರತಿಗಳನ್ನು ಎಸ್‌ಒ-ರೀಯೂಸ್‌ಪೋರ್ಟ್ ಎಂಬ ಸಾಕೆಟ್ ಆಯ್ಕೆ ಹಾಕಿ ಒಂದೇ ಪೋರ್ಟಿನಲ್ಲಿ ಓಡಿಸಿ. ಲಿನಕ್ಸ್ 3.9ರಿಂದ ಕನೆಕ್ಷನ್ನುಗಳನ್ನು ಕರ್ನಲ್ಲೇ ಹಂಚುತ್ತದೆ. ತಣ್ಣನೆಯ ಡಿಸ್ಕಿಗೆ ಕಾದು ನಿಂತ ಪ್ರತಿಯ ಸಾಲಿಗೆ ಬಿದ್ದವರು ಕಾಯಬೇಕಾಗುತ್ತದೆ, ಉಳಿದ ಪ್ರತಿಗಳ ಮುಂದಿನ ಸಾಲು ಸಾಗುತ್ತಿರುತ್ತದೆ.